ಮೆರೆವಾಯಿಯನ್ನು ಹೆದರಿಸಿದ ಮರ್ಯಾದೆ

ನಮ್ಮ ಮೀನಿನ ಕಾರ್ಖಾನೆಯಲ್ಲಿ ಮೆರೆವಾಯಿ ಇಪ್ಪತ್ತೆರಡು ವರ್ಷ ಟ್ಯೂನಾ ಸೀಳಿದವಳು. ದಪ್ಪ ಹೆಂಗಸು, ಬಾಯಿ ಅವಳಿಗಿಂತ ದೊಡ್ಡದು. ಬೆಳಗ್ಗೆ ಏಳರಿಂದ ನಿಂತೇ ಇರಬೇಕಾದ ಆ ಮೇಜಿನಲ್ಲಿ ನಾನು ಅವಳ ಪಕ್ಕ ಹನ್ನೊಂದು ವರ್ಷ ತಳ್ಳಿದ್ದು, ಅವಳ ಮತ್ತು ಅಪಿಸಾಯಿಯ ಬೈಗುಳ ಕೇಳಿಕೊಂಡೇ.

ಅಪಿಸಾಯಿ ಶೀತಲ ಕೋಣೆಯಿಂದ ಮೀನು ತಂದು ಹಾಕುವವನು. ಇಬ್ಬರ ಹಳ್ಳಿಗಳೂ ಒಂದಕ್ಕೊಂದು ತೌವು. ಫಿಜಿಯಲ್ಲಿ ತೌವು ಎಂದರೆ ಅಜ್ಜಂದಿರ ಕಾಲದ ಒಂದು ನೆಂಟಸ್ತಿಕೆ: ಬೈಯಬಹುದು, ಕದಿಯಬಹುದು, ಸತ್ತ ಅಜ್ಜನನ್ನೂ ಬಿಡದೆ ಆಡಿಕೊಳ್ಳಬಹುದು; ಯಾರೂ ಸಿಟ್ಟಾಗುವಂತಿಲ್ಲ. ಮರ್ಯಾದೆ ಕೊಟ್ಟರೆ ಮಾತ್ರ ತಪ್ಪು. ಭಾರತದಿಂದ ಕಬ್ಬು ಕಡಿಯಲು ಬಂದವರ ಮೊಮ್ಮಗಳಾದ ನನಗೆ ಅಂಥ ನೆಂಟಸ್ತಿಕೆ ಇಲ್ಲ. ಹೊಟ್ಟೆಕಿಚ್ಚಿತ್ತು, ಸುಳ್ಳೇಕೆ ಹೇಳಲಿ.

“ಏ ತಿಮಿಂಗಿಲ, ಸರಿಯೇ ಪಕ್ಕಕ್ಕೆ, ಗಾಡಿ ಹೋಗ್ಬೇಕು!”

“ನಿನ್ನ ಮೂತಿ ನೋಡಿ ಸತ್ತ ಮೀನು ಇನ್ನೊಂದ್ಸಲ ಸತ್ವು ಕಣೋ!”

ಆಸ್ಟ್ರೇಲಿಯಾದಿಂದ ಬಂದ ಹೊಸ ಮ್ಯಾನೇಜರ್ ಡಂಕನ್‌ಗೆ ಇದು ಕಂಡಿತು. ನಗುವವರು ಹೆಚ್ಚು ದುಡಿಯುತ್ತಾರೆಂದು ಎಲ್ಲೋ ಓದಿದ್ದನಂತೆ. ಪ್ರತಿ ಶುಕ್ರವಾರ ಅತ್ಯುತ್ತಮ ಕೀಟಲೆಗೆ ಬಹುಮಾನ ಎಂದು ಬೋರ್ಡು ತೂಗುಹಾಕಿದ. ಬಹುಮಾನ ಒಂದು ಪೆಟ್ಟಿಗೆ ಮೀನಿನ ಡಬ್ಬಿ! ದಿನವಿಡೀ ಮೀನು ಸೀಳುವವರಿಗೆ ಮೀನು, ಅವನ ತಲೆ. ತಾನಾಗಿ ಬರುತ್ತಿದ್ದ ತಮಾಷೆಗೆ ಈಗ ಜನ ಹೊಂಚು ಹಾಕತೊಡಗಿದರು. ನನಗೆ ಆಗಲೇ ಒಳಗೊಳಗೆ ಹೆದರಿಕೆ.

ಮೂರನೇ ಶುಕ್ರವಾರ ಅಪಿಸಾಯಿ ಕೋಟೂ ಹಾಕದೆ ಬರೀ ಅಂಗಿಯಲ್ಲಿ ಶೀತಲ ಕೋಣೆಗೆ ನುಸುಳಿದ, ಮೆರೆವಾಯಿ ಬಂದಾಗ ಬೆಚ್ಚಿಬೀಳಿಸಲು. ಅವಳು ನೋಡಿಬಿಟ್ಟಳು. ನನಗೆ ಕಣ್ಣು ಹೊಡೆದು ಹೊರಗಿನಿಂದ ಚಿಲಕ ಜಡಿದಳು.

“ಐದು ನಿಮಿಷ ನಡುಗ್ಲಿ.”

ಒಳಗೊಂದು ಗುಂಡಿ ಇದೆ, ಒತ್ತಿದರೆ ಚಿಲಕ ತಾನೇ ಬಿಡುತ್ತದೆ. ಎಲ್ಲರಿಗೂ ಗೊತ್ತಿತ್ತು. ಅಂದು ಆ ಗುಂಡಿ ಹಿಮ ಹಿಡಿದು ಕಚ್ಚಿಕೊಂಡಿದ್ದು ಮಾತ್ರ ಯಾರಿಗೂ ಗೊತ್ತಿರಲಿಲ್ಲ.

ಬಾಗಿಲು ದಬದಬ ಎಂದಿತು. “ಏ ಕೊಳೆತ ಮೀನೇ, ತೆಗಿಯೇ!”

“ಒಂದು ಹಾಡು ಹೇಳು, ತೆಗೀತೀನಿ!”

ಮೇಜಿಗೆ ಮೇಜೇ ನಕ್ಕಿತು. ನಾನೂ ನಕ್ಕೆ. ಆಮೇಲೆ ಅವಳ ಅಜ್ಜಿಗೆ ಬೈದ, ಅದಕ್ಕೂ ನಕ್ಕೆವು. ಮತ್ತೆ ತುಂಬ ಹೊತ್ತು ಯಂತ್ರಗಳ ಸದ್ದು ಬಿಟ್ಟರೆ ಏನೂ ಕೇಳಲಿಲ್ಲ. ಕೊನೆಗೆ ಬಾಗಿಲಾಚೆಯಿಂದ ತೆಳ್ಳನೆಯ ದನಿ ಬಂತು.

“ಮೆರೆವಾಯಿಯವರೇ… ದಯವಿಟ್ಟು ಬಾಗಿಲು ತೆಗೀರಿ.”

ಅವಳ ಕೈಯ ಚಾಕು ಕೆಳಗೆ ಬಿತ್ತು. “ಅವ್ನು ನಂಗೆ ಮರ್ಯಾದೆ ಕೊಡ್ತಿದಾನೆ ಕಣೇ!” ಎಂದು ಚೀರಿ ಓಡಿದಳು. ಲೋಳೆ ಮೆತ್ತಿದ ಕೈಗೆ ಚಿಲಕ ಸಿಗಲಿಲ್ಲ. ನಾನೂ ಸೇರಿ ಎಳೆದೆ. ತೆರೆದಾಗ ಅವನು ನಮ್ಮ ಮೇಲೆಯೇ ಕುಸಿದ, ತುಟಿ ನೀಲಿ, ಅಂಗೈ ಸಿಪ್ಪೆ ಎದ್ದಿತ್ತು.

ಬದುಕಿದ. ಡಂಕನ್ ಹಳೆಯ ಬೋರ್ಡು ತೆಗೆಸಿ ‘ಕೀಟಲೆ ನಿಷೇಧ’ ಎಂದು ಹೊಸದು ಹಾಕಿಸಿದ. ನಾನೂ ಮೆರೆವಾಯಿಯೂ ಮರಗೆಣಸು, ತೆಂಗಿನಹಾಲಿನಲ್ಲಿ ಬೇಯಿಸಿದ ಮೀನು ಹಿಡಿದು ಆಸ್ಪತ್ರೆಗೆ ಹೋದೆವು.

“ಬನ್ನಿ, ಕೂತ್ಕೊಳ್ಳಿ. ನಿಮಗ್ಯಾಕೆ ತೊಂದ್ರೆ?” ಎಂದ ಅಪಿಸಾಯಿ, ಅವಳನ್ನೇ ನೋಡಿ.

ವಾಪಸ್ ಬರುವಾಗ ಬಸ್ಸಿನಲ್ಲಿ ಅವಳು ನನ್ನ ಕೈ ಬಿಡಲೇ ಇಲ್ಲ. “ಹೊಡೆದಿದ್ರೂ ತಡ್ಕೊಳ್ತಿದ್ದೆ ತಂಗಿ. ಅವ್ನು ತೌವು ಮುರಿದ್ನಾ? ತಾತ ಮುತ್ತಾತಂದಿರ ಕಾಲದ್ದು. ನನ್ನ ಕೈಯಿಂದ ಹೋದ್ರೆ ಊರಿಗೆ ಹೇಗೆ ಹೋಗ್ಲಿ?”

ಮೂರು ವಾರಕ್ಕೆ ಅವನು ಕೆಲಸಕ್ಕೆ ಬಂದ. ಅವಳನ್ನು ಕಂಡರೆ ತಲೆ ತಗ್ಗಿಸಿ, “ಚೆನ್ನಾಗಿದೀರಾ?” ಎಂದು ಕೇಳಿ ಹೋಗುತ್ತಿದ್ದ. ಅವಳು ಪ್ರತಿ ಸಲವೂ ಬಿಳಿಚಿಕೊಳ್ಳುತ್ತಿದ್ದಳು. ಊಟ ಸೇರುತ್ತಿರಲಿಲ್ಲ. ನಮ್ಮ ಮೇಜಿನಲ್ಲಿ ಚಾಕುಗಳ ಸದ್ದಷ್ಟೇ ಉಳಿಯಿತು.

ಒಂದು ದಿನ ಮೇಸ್ತ್ರಿ ಅವಳನ್ನೇ ಶೀತಲ ಕೋಣೆಯಿಂದ ಮೀನಿನ ತಟ್ಟೆಗಳನ್ನು ತರಲು ಕಳಿಸಿದ. ಆ ಶುಕ್ರವಾರದ ನಂತರ ಅವಳು ಅತ್ತ ಕಾಲಿಟ್ಟಿರಲಿಲ್ಲ. ಒಳಗೆ ಹೋದಳು. ಭಾರದ ಬಾಗಿಲು ಮೆಲ್ಲಗೆ ಮುಚ್ಚಿಕೊಳ್ಳತೊಡಗಿತು. ಅಷ್ಟರಲ್ಲಿ ಅಪಿಸಾಯಿ ಅದರತ್ತ ನಡೆಯುವುದನ್ನು ಕಂಡೆ. ಈಗ ಇವನು ಚಿಲಕ ಜಡಿಯುತ್ತಾನೆಂದು ಮೇಜು ಬಿಟ್ಟು ಹೊರಟೆ.

ಅವನು ಬಾಗಿಲ ಸಂದಿಗೆ ತನ್ನ ಬೂಟುಗಾಲು ಕೊಟ್ಟು ನಿಂತ.

“ಏ ತಿಮಿಂಗಿಲ! ಒಳಗೇ ಸಂಸಾರ ಹೂಡಿದ್ಯಾ? ಬೇಗ ಬಾರೇ, ನನ್ನ ಕಾಲು ಮರಗಟ್ತಾ ಇದೆ!”

ಒಳಗೆ ತಟ್ಟೆಗಳು ಬಿದ್ದ ಸದ್ದು. ಆಮೇಲೆ ಅಳುತ್ತಳುತ್ತಲೇ ಅವಳ ದನಿ ಬಂತು.

“ಮರಗಟ್ಲಿ ಬಿಡೋ! ಆ ಸೊಟ್ಟಗಾಲು ಯಾರಿಗೆ ಬೇಕು!”

ಅವಳು ಹೊರಗೆ ಬರುವವರೆಗೂ ಅವನು ಕಾಲು ತೆಗೆಯಲಿಲ್ಲ.