ಚನ್ನಬಸಮ್ಮನ ಹೆಸರಿನ ಕೋಣೆ

ಚನ್ನಬಸಮ್ಮನಿಗೆ ಬೇಗ ಅಸಹ್ಯವಾಗುತ್ತದೆ. ಬಳ್ಳಾರಿಯ ಸತ್ಯನಾರಾಯಣಪೇಟೆಯ ಹಿಂದಿನ ಓಣಿಯಲ್ಲಿರುವ ಅವಳ ರೊಟ್ಟಿ ಅಂಗಡಿಗೆ ಬರುವವರಿಗೆಲ್ಲ ಇದು ಗೊತ್ತು. ಬಾಯಲ್ಲಿ ಗುಟ್ಕಾ ಇಟ್ಟುಕೊಂಡು ಮಾತಾಡಿದವರಿಗೆ ರೊಟ್ಟಿ ಇಲ್ಲ. ಮೆತ್ತಗಿದೆಯೋ ಇಲ್ಲವೋ ಎಂದು ಬೆರಳಿನಿಂದ ಒತ್ತಿ ನೋಡಿದರೆ ಒತ್ತಿದ್ದನ್ನೆಲ್ಲ ಒತ್ತಿದವರೇ ಒಯ್ಯಬೇಕು. ನೀರಿನ ಕೊಡದೊಳಗೆ ಕೈ ಅದ್ದಿದ ಒಬ್ಬ ಮಹಾಶಯನಿಗೆ, ಇನ್ನು ಈ ಕೊಡ ನಿನ್ನದೇ, ಹೊತ್ತುಕೊಂಡು ಹೋಗು ಎಂದಿದ್ದಳು. ‘ಥೂ’ ಎಂಬ ಒಂದಕ್ಷರದಲ್ಲಿ ಅವಳ ಅರ್ಧ ವ್ಯವಹಾರ ಮುಗಿಯುತ್ತದೆ. ಜನ ಆಡಿಕೊಂಡು ನಗುತ್ತಾರೆ, ನಗುವವರೂ ಚಪ್ಪಲಿ ಹೊರಗೇ ಬಿಡುತ್ತಾರೆ.

ಅಂಗಡಿ ಎಂದರೆ ಉದ್ದನೆಯ ಒಂದೇ ಕೋಣೆ. ಮುಂದೆ ಒಲೆಗಳು, ಹಿಂದೆ ಜೋಳದ ಚೀಲಗಳು, ಚೀಲಗಳ ಮಗ್ಗುಲಲ್ಲಿ ಅವಳ ಮಂಚ. ನಡುವಿನ ಓಡಾಡುವ ಜಾಗದಲ್ಲಿ ಸಾವಂತ್ರಮ್ಮ ಚಾಪೆ ಹಾಸುತ್ತಾಳೆ. ಸಾವಂತ್ರಮ್ಮ ಸಿರುಗುಪ್ಪದ ಕಡೆಯ ಕರೂರಿನವಳು, ವಯಸ್ಸಿನಲ್ಲಿ ಚನ್ನಬಸಮ್ಮನಿಗಿಂತ ಹಿರಿಯಳು. ಜೋಳ ಹಸನು ಮಾಡುವುದು, ಗಿರಣಿಗೆ ಹೊತ್ತು ಒಯ್ಯುವುದು, ಒಲೆಯ ಉರಿ ನೋಡುವುದು ಅವಳ ಕೆಲಸ. ರೊಟ್ಟಿ ಬಡಿಯುವುದು ಮಾತ್ರ ಇಲ್ಲ. ಗಿರಾಕಿಗಳು ಏನಂದುಕೊಂಡಾರು ಎಂದು ಚನ್ನಬಸಮ್ಮ ಕಾರಣ ಹೇಳುತ್ತಾಳೆ. ಸಾವಂತ್ರಮ್ಮನ ಲೋಟ ಹೊರಗೆ ನಲ್ಲಿಯ ಹತ್ತಿರದ ಗೂಡಿನಲ್ಲಿರುತ್ತದೆ.

ಚನ್ನಬಸಮ್ಮ ಹುಟ್ಟಿದ್ದು ಕುರುಗೋಡಿನಲ್ಲಿ, ಕೊಟ್ಟಿದ್ದು ತೆಕ್ಕಲಕೋಟೆಗೆ. ಗಂಡ ಚಿಕ್ಕ ವಯಸ್ಸಿಗೇ ತೀರಿಕೊಂಡ. ಮಕ್ಕಳಿರಲಿಲ್ಲ. ಮೈದುನರಿದ್ದರು, ಅದೇ ತೊಂದರೆಯಾಯಿತು. ಅಲ್ಲಿಂದೆದ್ದು ಬಳ್ಳಾರಿಗೆ ಬಂದು ಮದುವೆ ಮನೆಗಳ ಅಡುಗೆ ಹಿಡಿದಳು. ಅಂಗಡಿ ಆಗುವವರೆಗೂ ಅದೇ ಬದುಕು. ಅಡುಗೆಯವರು ಮಲಗುವುದು ಅಡುಗೆಮನೆಯಲ್ಲೇ, ಎಂಜಲೆಲೆಯ ನಾತದ ಪಕ್ಕ. ನೀರಿಗೆಂದು ಬಂದ ಬೀಗರು, ಮೊಸರು ಹುಡುಕಿಕೊಂಡು ಬಂದ ಹುಡುಗರು, ಕುಡಿದು ಉಪ್ಪಿನಕಾಯಿಗೆ ಬಂದ ದೊಡ್ಡ ಮನುಷ್ಯರು, ಎಲ್ಲರೂ ಅವಳನ್ನು ದಾಟಿಕೊಂಡೇ ಹೋಗುತ್ತಿದ್ದರು.

ಮಲಗಿದವರನ್ನು ದಾಟಬಾರದು ಎಂಬುದು ನಮ್ಮ ಕಡೆ ಕೂಸಿಗೂ ಗೊತ್ತು. ದಾಟಿದರೆ ಮಲಗಿದವರು ಬೆಳೆಯುವುದಿಲ್ಲ. ಮರೆತು ದಾಟಿದರೆ ಬಂದ ಹೆಜ್ಜೆಯಲ್ಲೇ ತಿರುಗಿ ದಾಟಿ ಸರಿಮಾಡುತ್ತಾರೆ. ಅಡುಗೆಯವರಿಗೆ ಮಾತ್ರ ಈ ಶಾಸ್ತ್ರವಿಲ್ಲ. ತಾನು ಹೀಗೆ ಗಿಡ್ಡಗೆ ಉಳಿದದ್ದು ಜಿಲ್ಲೆಯ ಬೀಗರೆಲ್ಲ ಸೇರಿ ದಾಟಿದ್ದಕ್ಕೇ ಎಂದು ಚನ್ನಬಸಮ್ಮ ಗಿರಾಕಿಗಳನ್ನು ನಗಿಸುತ್ತಾಳೆ. ನಗಿಸಿದ ಮೇಲೆ ‘ಥೂ’ ಎಂದು ಒಲೆಗೆ ಕಟ್ಟಿಗೆ ತಳ್ಳುತ್ತಾಳೆ. ಮುಖದ ಮೇಲಿಂದ ಹಾದುಹೋದ ಆ ಹಸಿ ಪಾದಗಳ ನಾತ ಅವಳ ಮೂಗಿನಿಂದ ಇನ್ನೂ ಹೋಗಿಲ್ಲ.

ಇಂಥವಳ ಅಂಗಡಿಗೆ ಈ ಬೇಸಿಗೆಯ ಮೊದಲಿಗೆ ಸಿರುಗುಪ್ಪದ ಅಕ್ಕಿ ಗಿರಣಿ ಸಾಹುಕಾರ ಮರಿಬಸಪ್ಪ ಬಂದ. ಹೋದ ವರ್ಷ ಅವನೂ ಅವನ ಇಬ್ಬರು ಷಡ್ಡಕರೂ ಹೆಂಡಂದಿರನ್ನು ಕರೆದುಕೊಂಡು ದುಬೈಗೆ ಹೋಗಿ, ಊಟ ಸೇರದೆ ಬ್ರೆಡ್ಡು ಬಾಳೆಹಣ್ಣು ತಿಂದು ಮರಳಿದ್ದರಂತೆ. ಈ ಸಲ ಫಿನ್ಲೆಂಡ್ ದೇಶದ ತುರ್ಕು ಎಂಬ ಊರು. ಊರ ನಡುವೆಯೇ ನದಿ, ಜೂನಿನಲ್ಲೂ ಬೆವರು ಬಾರದಷ್ಟು ತಂಪು, ರಾತ್ರಿ ಹತ್ತಾದರೂ ಸೂರ್ಯ ಮುಳುಗುವುದಿಲ್ಲ. ಜೊತೆಗೊಬ್ಬ ಅಡುಗೆಯವಳು ಬೇಕು. ಸಿರುಗುಪ್ಪದಲ್ಲಿ ಅಡುಗೆಯವರಿಗೆ ಬರ ಬಂತೇ ಎಂದು ಇವಳು ಕೇಳಿದಳು. ಅವನು ಅವಳ ಕೊರಳಲ್ಲಿದ್ದ ಲಿಂಗದ ಕರಡಿಗೆಯ ಕಡೆ ಕೈ ತೋರಿಸಿದ.

“ಕಂಡಕಂಡೋರ ಕೈಯಾಗ ಉಣ್ಣೋ ಮಂದಿ ಅಲ್ಲ ನಾವು. ನೀ ನಮ್ಮಾಕಿ” ಎಂದ.

ಚನ್ನಬಸಮ್ಮನಿಗೆ ದೇಶವೂ ಬೇಕಿರಲಿಲ್ಲ, ಮುಳುಗದ ಸೂರ್ಯನೂ ಬೇಕಿರಲಿಲ್ಲ. ಅವಳು ಕೇಳಿದ್ದು ಒಂದೇ.

“ಬರ್ತೀನ್ರಿ ಸಾವ್ಕಾರ್ರ. ಆದ್ರ ನನಗೊಬ್ಬಾಕಿಗೇ ಒಂದು ಕ್ವಾಣಿ ಬೇಕು. ಒಳಗಿಂದ ಚಿಲಕ ಇರ್ಬೇಕು.”

ಮರಿಬಸಪ್ಪ ಕೈ ಬೀಸಿ ಒಪ್ಪಿದ. ಇಷ್ಟೇನಾ ಎಂದು ನಗುತ್ತಲೇ ಕಾರು ಹತ್ತಿದ.

ಪಾಸ್‌ಪೋರ್ಟ್ ಆಯಿತು. ವೀಸಾದ ಫೋಟೊಕ್ಕೆಂದು ಬಳ್ಳಾರಿಯ ಟೂರ್ ಆಫೀಸಿಗೆ ಹೋದಾಗ ಅಲ್ಲಿ ಕೆಲಸ ಮಾಡುವ ಶೈಲಜಾ ಎಂಬ ಹುಡುಗಿ, ಎಲ್ಲಿ ಇಳಿದುಕೊಳ್ಳುತ್ತೀರಿ ಎಂದು ಹೆಸರು ಸಮೇತ ತೋರಿಸದಿದ್ದರೆ ವೀಸಾ ಸಿಗುವುದಿಲ್ಲ ಎಂದು ವಿವರಿಸಿ, ಚನ್ನಬಸಮ್ಮನ ಹೆಸರಿನಲ್ಲಿ ಕಾದಿರಿಸಿದ ಹೋಟೆಲ್ ಕೋಣೆಯನ್ನು ಫೋನಿನಲ್ಲಿ ತೋರಿಸಿದಳು. ಒಬ್ಬರೇ ಮಲಗುವ ಕಿರಿದಾದ ಮಂಚ, ಬಿಳಿ ಹಾಸಿಗೆ, ಒಂದು ಕುರ್ಚಿ. ಕಿಟಕಿಯಾಚೆ ನದಿ, ನದಿಯ ದಂಡೆಗೆ ಸಾಲುಮರ. ಅಡುಗೆಯ ಒಂದು ಪಾತ್ರೆಯೂ ಕಾಣಲಿಲ್ಲ. ಚಿಲಕ ಉಂಟೇ ಎಂದು ಕೇಳಿದಳು. ಉಂಟು, ಒಳಗಿಂದ ಹಾಕಿಕೊಂಡರೆ ಯಾರೂ ಬರುವಂತಿಲ್ಲ ಎಂದಳು ಶೈಲಜಾ. ಚನ್ನಬಸಮ್ಮ ಚಿತ್ರವನ್ನು ತನ್ನ ಫೋನಿಗೆ ಹಾಕಿಸಿಕೊಂಡು ಬಂದಳು. ಅಂದಿನಿಂದ ಹಿಟ್ಟಿನ ಕೈ ಒರೆಸಿಕೊಂಡು ಆಗಾಗ ಅದನ್ನೇ ನೋಡುವಳು. ಸಾವಂತ್ರಮ್ಮನಿಗೂ ತೋರಿಸಿದಳು. ಅವಳು ಮುಟ್ಟದೆ, ಬಗ್ಗಿ ನೋಡಿ, ಹಾಸಿಗೆ ಎಷ್ಟು ಬೆಳ್ಳಗಿದೆ ಎಂದು ಸಂತೋಷಪಟ್ಟಳು.

ಮುಂದಿನ ಭಾನುವಾರ ಸಿರುಗುಪ್ಪಕ್ಕೆ ಕರೆ ಬಂತು. ಎಲ್ಲರೂ ಕೂತು ಉಳಿಯುವ ಜಾಗ ಗೊತ್ತುಮಾಡುವುದು, ಅಡುಗೆಮನೆ ಹೇಗಿರಬೇಕೆಂದು ಚನ್ನಬಸಮ್ಮ ಹೇಳುವುದು. ಮರಿಬಸಪ್ಪನ ಮನೆಯ ಪಡಸಾಲೆಯಲ್ಲಿ ಗೋಡೆಯಗಲದ ಟಿವಿ. ಶೈಲಜಾ ತನ್ನ ಕಂಪ್ಯೂಟರನ್ನು ಅದಕ್ಕೆ ಜೋಡಿಸಿದ್ದಳು. ಸಾಹುಕಾರರು ಸೋಫಾದ ಮೇಲೆ, ಚನ್ನಬಸಮ್ಮ ಕಂಬಕ್ಕೊರಗಿ ನೆಲದ ಮೇಲೆ.

ಮೊದಲು ನದಿ ದಂಡೆಯ ದೊಡ್ಡ ಹೋಟೆಲು. ಅದರ ಅಡುಗೆಮನೆಯಲ್ಲಿ ಏನೇನು ಬೇಯಿಸುತ್ತಾರೋ, ಆ ಗಾಳಿ ಕುಡಿಯುವುದೂ ಬೇಡ ಎಂದು ಮರಿಬಸಪ್ಪನ ಹೆಂಡತಿ ಗಂಗೋತ್ರಿ ಮೂಗು ಮುಚ್ಚಿಕೊಂಡಳು. ಆಮೇಲೆ ನದಿಯಲ್ಲೇ ಹಡಗು ನಿಲ್ಲಿಸಿ ಮಾಡಿದ ವಸತಿ. ಬಂದಬಂದವರೆಲ್ಲ ಹೊರಳಾಡಿದ ಹಾಸಿಗೆ, ಯಾವ ಜಾತಿಯವರೋ ಏನೋ ಎಂದ ಒಬ್ಬ ಷಡ್ಡಕ. ಆ ದೇಶದ ಶೌಚಾಲಯದಲ್ಲಿ ತೊಳೆದುಕೊಳ್ಳಲು ನೀರಿನ ಪೈಪು ಇರುತ್ತದೆ ಎಂದು ಶೈಲಜಾ ಹೇಳಿದಾಗ ಮಾತ್ರ ಎಲ್ಲರಿಗೂ ಜೀವ ಬಂತು. ಇಷ್ಟು ಮಡಿವಂತಿಕೆ ನಡೆದಿರುವಾಗ ಮರಿಬಸಪ್ಪ ಪಿನ್ನಿನಿಂದ ಹಲ್ಲು ಕೆದಕಿ, ಬಂದದ್ದನ್ನು ನೋಡಿ, ಸೋಫಾದ ಅಂಚಿಗೆ ಒರೆಸಿದ. ಇನ್ನೊಬ್ಬ ಷಡ್ಡಕ ಹೂವಿನ ಕುಂಡದಲ್ಲಿ ಉಗಿದ. ಚನ್ನಬಸಮ್ಮ ಕುಂಡದ ಕಡೆ ಬೆನ್ನು ತಿರುಗಿಸಿ ಕೂತಳು. ತನ್ನ ಅಂಗಡಿಯಾಗಿದ್ದರೆ ಕುಂಡ ಸಮೇತ ಹೊರಗೆ ಕಳಿಸುತ್ತಿದ್ದಳು. ಬಿಳಿ ಹಾಸಿಗೆಯನ್ನು ನೆನೆದು ತಡೆದುಕೊಂಡಳು.

ಕೊನೆಗೆ ಒಂದು ಮನೆ ಬಂತು. ನದಿಗೆ ಹತ್ತಿರ, ಅಡುಗೆಮನೆ ದೊಡ್ಡದು, ಮಲಗುವ ಕೋಣೆ ಮೂರು. ಮೂರು ಜೋಡಿಗೆ ಮೂರು ಎಂದು ಎಲ್ಲರೂ ಒಪ್ಪಿದರು. ಹೋಟೆಲಿನಲ್ಲಿರುವ ತನ್ನ ಕೋಣೆಯಿಂದ ಈ ಮನೆಗೆ ನಡೆದು ಬರಬಹುದೇ ಎಂದು ಚನ್ನಬಸಮ್ಮ ಕೇಳಿದಳು.

ಶೈಲಜಾ ಟಿವಿ ಬಿಟ್ಟು ನೆಲ ನೋಡಿದಳು. ಮರಿಬಸಪ್ಪನೇ ಹೇಳಿದ. ಅದು ವೀಸಾಕ್ಕೆಂದು ಮಾಡಿಸಿದ ಕೋಣೆ, ವೀಸಾ ಕೈಗೆ ಬಂದ ದಿನ ರದ್ದು. ಎಲ್ಲರೂ ಮಾಡುವುದು ಹಾಗೆಯೇ. ಇನ್ನು ಅವಳಿಗೆ ಈ ಮನೆಯಲ್ಲೇ ಜಾಗವಿದೆಯಂತೆ. ಶೈಲಜಾಳಿಗೆ ಚಿತ್ರ ಹಿಂದಕ್ಕೆ ಸರಿಸಲು ಹೇಳಿ ಒಂದನ್ನು ನಿಲ್ಲಿಸಿದ. ಬಚ್ಚಲಿಗೆ ಅಂಟಿಕೊಂಡ ಸಣ್ಣ ಗೂಡು. ಗೋಡೆ, ಚಾವಣಿ ಎಲ್ಲ ಮರದ್ದು, ಒಳಗೆ ಎರಡು ಮರದ ಕಟ್ಟೆ, ಮೂಲೆಯಲ್ಲಿ ಒಲೆಯಂಥದ್ದು.

“ನೋಡು, ಕಟ್ಟಿ ಐತಿ, ಬೆಚ್ಚಗ ಇರ್ತೈತಿ. ಬಾಗ್ಲಾನೂ ಐತಿ” ಎಂದ.

ಅದು ಮಲಗುವ ಜಾಗವಲ್ಲ ಎಂದಳು ಶೈಲಜಾ. ಆ ದೇಶದವರು ಅದಕ್ಕೆ ಸೌನಾ ಎನ್ನುತ್ತಾರೆ. ಒಲೆಯ ಕಲ್ಲು ಕಾಯಿಸಿ, ನೀರು ಹೊಯ್ದು, ಬಟ್ಟೆ ಬಿಚ್ಚಿ ಕೂತು ಬೆವರು ಸುರಿಸುತ್ತಾರೆ. ಬಾಗಿಲಿಗೆ ಚಿಲಕ ಇರುವುದಿಲ್ಲ, ಒಳಗೆ ಯಾರಾದರೂ ಸಿಕ್ಕಿಕೊಂಡರೆ ಉಸಿರುಗಟ್ಟೀತು ಎಂದು. ಸಾಲದ್ದಕ್ಕೆ ಮನೆಯವರು ಆರು ಜನಕ್ಕೆ ಮಾತ್ರ ಕೊಡುತ್ತಾರೆ, ಏಳನೆಯವರನ್ನು ಸೇರಿಸುವಂತಿಲ್ಲ.

ಬೆವರು ಇಳಿಸುವ ಸುದ್ದಿ ಕೇಳಿ ಷಡ್ಡಕರಿಗೆ ಹುರುಪು ಬಂತು. ಹಾಗಾದರೆ ಸಂಜೆ ತಾವು ಕೂರುವುದು, ತಮ್ಮದಾದ ಮೇಲೆ ಚನ್ನಬಸಮ್ಮ ಒರೆಸಿಕೊಂಡು ಮಲಗುವುದು ಎಂದು ಅಲ್ಲೇ ತೀರ್ಮಾನವಾಯಿತು. ಯಾವ ಜಾತಿಯವರೋ ಹೊರಳಾಡಿದ ಹಾಸಿಗೆ ಬೇಡವೆಂದಿದ್ದ ಷಡ್ಡಕನೇ ಈ ಮಾತಿಗೆ ತಲೆಯಾಡಿಸಿದ. ಗಂಗೋತ್ರಿ ಒಂದು ಹೆಜ್ಜೆ ಮುಂದೆ ಹೋಗಿ, ಏಳು ಜನ ಎಂದು ಹೇಳುವುದೇಕೆ ಎಂದು ಶೈಲಜಾಳನ್ನು ಗದರಿದಳು.

“ನಾವು ಆರು ಮಂದೀನ. ಅಡಿಗಿಯಾಕಿ ಎಣಿಕಿಗೆ ಬರ್ತಾಳೇನು?”

ಚನ್ನಬಸಮ್ಮ ಟಿವಿಯ ಮರದ ಕಟ್ಟೆಯನ್ನೇ ನೋಡುತ್ತಿದ್ದಳು. ಆ ಕಟ್ಟೆಯ ಮೇಲೆ ಮೂರು ಬತ್ತಲೆ ಸಾಹುಕಾರರ ಬೆವರು ಹರಿದು ಸಂದಿಗಳಲ್ಲಿ ಇಳಿಯುವುದು ಅವಳ ಕಣ್ಣಿಗೆ ಕಟ್ಟಿತು. ಅದನ್ನು ಒರೆಸಿ, ಅದರ ಮೇಲೆ ಸೆರಗು ಹಾಸಿ, ಬೆಳಗಾದರೆ ಅದೇ ಮೈಯಲ್ಲಿ ಇವರಿಗೆ ಮಡಿಯ ರೊಟ್ಟಿ ಬಡಿಯಬೇಕು. ಎದ್ದು ನಿಂತಳು.

“ಉಣ್ಣಾಕ ನಾ ನಿಮ್ಮಾಕಿ, ಮಲಗಾಕ ನಾ ಯಾರಾಕಿನೂ ಅಲ್ಲ. ಥೂ, ನಿಮ್ಮ ಮಡಿಗಿಷ್ಟು ಬೆಂಕಿ ಹಾಕ.”

ಹಿಂದಿನಿಂದ ಮರಿಬಸಪ್ಪ ಏನೋ ಕೂಗಿದ. ಕೊಬ್ಬು ಎಂದಿದ್ದು ಕೇಳಿಸಿತು. ಶೈಲಜಾ ಬಾಗಿಲವರೆಗೆ ಬಂದು, ನನಗೆ ಮೊದಲೇ ಹೇಳುವ ಧೈರ್ಯವಾಗಲಿಲ್ಲ ಅಮ್ಮಾ ಎಂದಳು. ನಿನ್ನ ಹೊಟ್ಟೆಪಾಡು ನಿನಗೆ ಎಂದು ಚನ್ನಬಸಮ್ಮ ಅವಳ ಕೈ ತಟ್ಟಿ ನಡೆದಳು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತಳು. ಭತ್ತದ ಗದ್ದೆಗಳು ಕೊಯ್ಲಾಗಿ ಬೋಳಾಗಿದ್ದವು. ತೆಕ್ಕಲಕೋಟೆ ಬಂದಾಗ ಆ ಕಡೆ ಮುಖ ತಿರುಗಿಸಲಿಲ್ಲ. ಫೋನು ತೆಗೆದು ಬಿಳಿ ಹಾಸಿಗೆಯ ಚಿತ್ರವನ್ನು ಅಳಿಸಬೇಕೆಂದುಕೊಂಡಳು, ಅಳಿಸುವುದು ಹೇಗೆಂದು ಗೊತ್ತಾಗದೆ ಹಾಗೇ ಇಟ್ಟಳು. ಇಷ್ಟು ವಯಸ್ಸಾದ ಮೇಲೂ ಒಂದು ಚಿಲಕಕ್ಕೆ ಆಸೆಪಟ್ಟೆನಲ್ಲ ಎಂದು ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಅಸಹ್ಯ. ಮನುಷ್ಯರನ್ನು ಎಣಿಕೆಗೆ ಹಿಡಿಯದ ಇಂಥ ಬಾಯಿಗಳಿಗೆ ತನ್ನ ಕೈಯ ರೊಟ್ಟಿ ಎಷ್ಟು ವರ್ಷ ಹೋಗಿದೆ ಎಂದು ನೆನೆದು ದಾರಿಯುದ್ದಕ್ಕೂ ಹಲ್ಲು ಕಚ್ಚಿದಳು.

ಬಳ್ಳಾರಿ ಮುಟ್ಟಿದಾಗ ಇಳಿಮಧ್ಯಾಹ್ನ. ಬಿಸಿಲಿಗೆ ಓಣಿ ಕಾದಿತ್ತು. ಅಂಗಡಿಯ ಬಾಗಿಲು ಅರ್ಧ ಎಳೆದಿತ್ತು, ಮಧ್ಯಾಹ್ನದ ಗಿರಾಕಿಗಳು ಮುಗಿದಿದ್ದರು. ಬಾಯಾರಿ ನಾಲಿಗೆ ಅಂಟುತ್ತಿತ್ತು. ಚಪ್ಪಲಿ ಹೊರಗೆ ಬಿಟ್ಟು, ಸಾಹುಕಾರರನ್ನು ಬಯ್ಯುತ್ತಲೇ ಒಳಗೆ ನಡೆದು, ಒಲೆ ದಾಟಿ, ನೀರಿನ ಕೊಡದ ಕಡೆ ಹೆಜ್ಜೆ ಎತ್ತಿ ಹಾಕಿದಳು. ಹಾಕಿದ ಮೇಲೆ ಕಾಲ ಕೆಳಗೆ ನೋಡಿದಳು.

ಒಂದು ಕಾಲು ಚಾಪೆಯ ಈಚೆ, ಇನ್ನೊಂದು ಆಚೆ. ನಡುವೆ ಸಾವಂತ್ರಮ್ಮ, ಮುಖಕ್ಕೆ ಸೆರಗು ಮುಚ್ಚಿ ಮಲಗಿದ್ದಳು.

ಚನ್ನಬಸಮ್ಮ ನಿಂತಲ್ಲೇ ನಿಂತಳು. ಮರೆವಿನಿಂದ ಇಟ್ಟ ಹೆಜ್ಜೆಯಲ್ಲ ಇದು. ದಿನಾ ಬೆಳಗ್ಗೆ ಮಂಚದಿಂದ ಇಳಿದು ಒಲೆಗೆ ಹೋಗುವುದು ಹೀಗೆಯೇ, ದಿನಾ ನೀರಿಗೆ ಬರುವುದೂ ಹೀಗೆಯೇ. ಕಾಲು ತಾನಾಗಿಯೇ ಎದ್ದು ದಾಟುತ್ತಿತ್ತು. ಒಂದು ದಿನವೂ ಕೆಳಗೆ ನೋಡಿರಲಿಲ್ಲ. ಅರ್ಧ ತೆರೆದ ಬಾಗಿಲಿನಿಂದ ನಲ್ಲಿಯ ಗೂಡೂ, ಅದರಲ್ಲಿ ಬೋರಲು ಹಾಕಿದ ಒಂಟಿ ಲೋಟವೂ ಕಂಡವು.

ಮುಂದಿಟ್ಟ ಕಾಲನ್ನು ಮೆಲ್ಲನೆ ಎತ್ತಿ, ಬಂದ ಹಾದಿಯಲ್ಲೇ ತಿರುಗಿ ದಾಟಿದಳು. ಇದೊಂದು ಹೆಜ್ಜೆ ಸರಿಯಾಯಿತು. ಉಳಿದವು?

ಸಪ್ಪಳಕ್ಕೆ ಸಾವಂತ್ರಮ್ಮ ಎಚ್ಚರಾದಳು. ಇವಳನ್ನು ಕಂಡು ಕಾಲು ಮಡಚಿಕೊಂಡು ಗೋಡೆಗೆ ಒತ್ತಿಕೊಂಡಳು.

“ಹಾದಿಗಡ್ಡ ಆದೆನೇನ್ ಯವ್ವ? ಹೋಗು, ದಾಟಿ ಹೋಗು” ಎಂದಳು. ಎಲ್ಲವೂ ನಿಶ್ಚಯವಾಯಿತೇ, ಬಿಳಿ ಹಾಸಿಗೆಯ ಕೋಣೆ ಸಿಕ್ಕಿತೇ ಎಂದೂ ಕೇಳಿದಳು.

‘ಥೂ’ ಎಂದಳು ಚನ್ನಬಸಮ್ಮ. ಈ ಸಲದ್ದು ಯಾರಿಗೆಂದು ತಿಳಿಯದೆ ಸಾವಂತ್ರಮ್ಮ ಚಾಪೆ ಸುತ್ತತೊಡಗಿದಳು.