ಥ್ರೋಬಾಲ್ ಕೈಗಳು

ನಮ್ಮ ಶಾಲೆಯ ಹುಡುಗಿಯರದ್ದು ಥ್ರೋಬಾಲ್ ಕೈ. ಕಾಪು, ಪಡುಬಿದ್ರಿ ಕಡೆಯ ಯಾವ ಮೈದಾನದಲ್ಲಿ ನಿಲ್ಲಿಸಿದರೂ ಅವರನ್ನು ಸೋಲಿಸುವವರು ಕಡಿಮೆ. ಅವರ ಪಿ.ಟಿ. ಟೀಚರ್ ನಾನೇ ಆದ್ದರಿಂದ ಇಷ್ಟು ಜಂಬ ಕೊಚ್ಚಿಕೊಳ್ಳಲು ನನಗೆ ಹಕ್ಕುಂಟು. ಆದರೆ ಹಳೆ ವಿದ್ಯಾರ್ಥಿಗಳು ಸೇರಿ ಅಂಗಳದಲ್ಲಿ ಬಾಸ್ಕೆಟ್‌ಬಾಲ್ ಕಂಬ ನಿಲ್ಲಿಸಿಕೊಟ್ಟ ಮೇಲೆ ಅದೇ ಕೈಗಳು ನನ್ನ ಮಾನ ಕಳೆದವು.

ಥ್ರೋಬಾಲಿನಲ್ಲಿ ಚೆಂಡು ಹಿಡಿದು ನಿಲ್ಲುವ ಹಾಗಿಲ್ಲ, ಮೂರು ಸೆಕೆಂಡಿನೊಳಗೆ ಎಸೆಯಬೇಕು. ಚಿಕ್ಕಂದಿನಿಂದ ಹಾಗೆ ಆಡಿದವರು ಇಲ್ಲಿಯೂ ಚೆಂಡು ಸಿಕ್ಕಿದ್ದೇ ತಡ, ನೋಡದೆ ಎಸೆದುಬಿಡುತ್ತಿದ್ದರು. ಮೊದಲ ಸಲ ಕಾರ್ಕಳಕ್ಕೆ ಆಡಲು ಹೋದಾಗ ಅಲ್ಲಿನ ತಂಡದವರು ನಮ್ಮ ಪಾಸುಗಳನ್ನು ಅಂಗಡಿಯಿಂದ ಸಾಮಾನು ತೆಗೆದುಕೊಂಡ ಹಾಗೆ ತೆಗೆದುಕೊಂಡು ಹೋದರು. ನನಗೆ ಮೈಯೆಲ್ಲ ಉರಿಯಿತು. "ಎಂತ ಮಾರಾಯ್ತಿ, ಚೆಂಡು ಬಿಸಿ ಉಂಟಾ? ಕೈ ಸುಡ್ತದಾ?" ಎಂದು ನಾನು ಹಾಕಿದ ಬೊಬ್ಬೆಗೆ ರೆಫರಿಯೇ ತಿರುಗಿ ನೋಡಿದರು.

ಮರುದಿನದಿಂದ ಹೊಸ ಕಾನೂನು ತಂದೆ. ಚೆಂಡು ಕೈಗೆ ಬಂದವಳು ಮೊದಲು ರಿಂಗನ್ನು ನೋಡಬೇಕು, ಆಮೇಲೆ ತನ್ನೆದುರು ನಿಂತವಳನ್ನು, ಆಮೇಲೆ ಜೊತೆಯವರನ್ನು. ಕಂಡದ್ದನ್ನು ಬಾಯಿ ಬಿಟ್ಟು ಹೇಳಬೇಕು. ಹೇಳಿದ ಮೇಲೆಯೇ ಚೆಂಡು ಕೈ ಬಿಡಬೇಕು. ಆ ಅಂಗಳದಲ್ಲಿ ಎಂಥ ಗಲಾಟೆ! ಒಬ್ಬಳು ತುಳುವಿನಲ್ಲಿ "ಅಲ್ಪ ಏರ್ಲಾ ಇಜ್ಜೆರ್", ಅಲ್ಲಿ ಯಾರೂ ಇಲ್ಲ ಅನ್ನುವಳು. ಇನ್ನೊಬ್ಬಳು "ಬಲಗಡೆ ಖಾಲಿ ಉಂಟು" ಎಂದು ಕಿರುಚುವಳು. ಪಕ್ಕದ ತರಗತಿಯ ಗಣಿತದ ಮೇಷ್ಟ್ರು ಕಿಟಕಿ ಹಾಕಿಕೊಂಡರು. ಹಾಕಿಕೊಳ್ಳಲಿ, ನನಗೇನು!

ಈ ಕಾನೂನನ್ನು ಎಲ್ಲರಿಗಿಂತ ಗಟ್ಟಿಯಾಗಿ ಹಿಡಿದುಕೊಂಡವಳು ಬಾಗಲಕೋಟೆ ಕಡೆಯ ಒಬ್ಬ ಹುಡುಗಿ. ಅಪ್ಪ ಪಡುಬಿದ್ರಿಯಲ್ಲಿ ಕಟ್ಟಡದ ಕೆಲಸಕ್ಕೆ ಬಂದವರು. ಅವಳು ಚೆಂಡು ಹಿಡಿದು "ಎಡಕ್ಕ ಖಾಲಿ ಐತ್ರಿ ಟೀಚರ್" ಎಂದರೆ ಅದು ನಿಜವಾಗಿಯೂ ಖಾಲಿ ಇರುತ್ತಿತ್ತು. ಎರಡನೆಯ ವರ್ಷ ಜಿಲ್ಲಾ ಪಂದ್ಯಕ್ಕೆ ಸ್ವಲ್ಪ ಮೊದಲು ಅವಳ ಅಪ್ಪ ಶಾಲೆಗೆ ಬಂದರು.

"ಇಲ್ಲಿ ನಮ್ಮ ಕೆಲಸ ಮುಗಿಯಾಕ ಬಂತ್ರಿ, ಗೋವಾಕ್ಕ ಹೊಂಟೀವಿ. ಆಟದ ಹಾಸ್ಟೆಲಿಗೆ ಸೇರಿಸ್ಕೊಂಡ್ರ ಬಿಟ್ಟು ಹೋಗ್ತೀನ್ರಿ. ಇಲ್ಲಾಂದ್ರ ಒಬ್ಬಾಕಿನ್ನ ಎಲ್ಲಿ ಬಿಡೂದ್ರಿ?"

ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಉಡುಪಿಯ ಕ್ರೀಡಾ ಹಾಸ್ಟೆಲಿಗೆ ಆಯ್ಕೆ ಮಾಡುವವರು ಮಣಿಪಾಲದ ಆ ಪಂದ್ಯಕ್ಕೇ ಬರುವವರಿದ್ದರು. ಅಲ್ಲಿ ಅವಳು ಅವರ ಕಣ್ಣಿಗೆ ಬೀಳದಿದ್ದರೆ ಹತ್ತನೆಯ ತರಗತಿಯೂ ಇಲ್ಲ, ಆಟವೂ ಇಲ್ಲ. ಅಂದಿನಿಂದ ನನಗೆ ಊಟ ಸೇರಲಿಲ್ಲ. ಅಲೆವೂರಿನ ನಮ್ಮ ಮನೆಯಲ್ಲಿ ಗಂಡ, "ಮಗು ನಿನ್ನದಾ, ಅವರದ್ದಾ?" ಎಂದು ತಮಾಷೆ ಮಾಡಿ ನನ್ನಿಂದ ಬೈಸಿಕೊಂಡರು.

ಮಣಿಪಾಲದಲ್ಲಿ ನಮ್ಮೆದುರು ಮತ್ತೆ ಕಾರ್ಕಳದವರೇ. ಈ ಸಲ ಅವರಿಗೆ ನಮ್ಮ ಪಾಸುಗಳು ಸುಲಭದಲ್ಲಿ ಸಿಗಲಿಲ್ಲ. ನಮ್ಮವರು ಹಿಡಿಯುತ್ತಿದ್ದರು, ನೋಡುತ್ತಿದ್ದರು, ಆಮೇಲೆ ಕೊಡುತ್ತಿದ್ದರು. ಕೊನೆಯ ಗಳಿಗೆಗೆ ಬಂದಾಗ ನಾವು ಒಂದೇ ಒಂದು ಅಂಕ ಹಿಂದೆ. ಚೆಂಡು ಎಡ ಮೂಲೆಯಲ್ಲಿ ನಮ್ಮ ಬಾಗಲಕೋಟೆಯವಳ ಕೈಗೆ ಬಂತು. ರಿಂಗಿನ ಕೆಳಗೆ ನಮ್ಮ ಉದ್ದದ ಹುಡುಗಿ ಕೈಯೆತ್ತಿ ನಿಂತಿದ್ದಳು. ನಾನು ಗಂಟಲು ಹರಿಯುವ ಹಾಗೆ ಕೂಗಿದೆ: "ಕೊಡು! ಬೇಗ ಕೊಡೇ!"

ಅವಳು ಕೊಡಲಿಲ್ಲ. ಚೆಂಡು ಹಿಡಿದುಕೊಂಡೇ ನೋಡಿದಳು, ತುಟಿ ಅಲ್ಲಾಡಿಸಿದಳು, ತಾನೇ ಒಳಗೆ ನುಗ್ಗಿ ರಿಂಗಿಗೆ ಹಾಕಿದಳು. ಚೆಂಡು ಕಬ್ಬಿಣಕ್ಕೆ ಬಡಿದು ಹೊರಗೆ ಬಿತ್ತು. ಆಟ ಮುಗಿದ ಸೀಟಿ ಕೂಗಿತು. ಕಾರ್ಕಳದವರು ಕುಣಿದರು. ನಾನು ಬೆಂಚಿನ ಮೇಲೆ ದೊಪ್ಪನೆ ಕುಳಿತೆ. ಹೋಯಿತಲ್ಲಾ ದೇವರೇ, ಎಲ್ಲ ಹೋಯಿತು ಅನ್ನಿಸಿತು.

ಆಯ್ಕೆಗೆ ಬಂದ ಹಿರಿಯರೊಬ್ಬರು ಅವಳನ್ನು ಕರೆದು ನನ್ನೆದುರೇ ಕೇಳಿದರು: "ನಿಮ್ಮ ಟೀಚರ್ ಅಷ್ಟು ಬೊಬ್ಬೆ ಹಾಕಿದ್ರಲ್ಲ, ಯಾಕೆ ಪಾಸ್ ಕೊಡ್ಲಿಲ್ಲ?"

ಅವಳು ನನ್ನ ಮುಖ ನೋಡಿದಳು. ಹೆದರಿದ್ದಳು, ಆದರೂ ಹೇಳಿದಳು: "ಅವರ ಹುಡುಗಿ ನಮ್ಮಾಕಿ ಹಿಂದ ಅಡಗಿ ನಿಂತಿದ್ಲ್ರಿ, ಪಾಸ್ ಕಸಿಯಾಕ. ಟೀಚರ್ ನಿಂತಲ್ಲಿಂದ ಆಕಿ ಕಾಣ್ತಿರಲಿಲ್ಲ. ನನ್ನ ಮುಂದ ದಾರಿ ಖಾಲಿ ಇತ್ತು."

ಹಿರಿಯರು ನನ್ನತ್ತ ತಿರುಗಿದರು. "ಚೆಂಡು ಹಾಕ್ಲಿಕ್ಕೆ ನಾವು ಕಲಿಸ್ತೇವೆ. ಹೀಗೆ ನೋಡ್ಲಿಕ್ಕೆ ಇವಳಿಗೆ ಕಲಿಸಿದ್ದು ಯಾರು?"

"ನಾನೇ," ಎಂದೆ. ಸಂಕೋಚಪಡಲಿಲ್ಲ, ಯಾಕೆ ಪಡಬೇಕು? ಇಷ್ಟು ವರ್ಷಗಳಲ್ಲಿ ಮಕ್ಕಳು ನನ್ನ ಮಾತು ಕೇಳಿ ಎಷ್ಟೋ ಕಪ್ ತಂದಿದ್ದಾರೆ. ಅವಳು ನನ್ನ ಮಾತು ಕೇಳದೆ ನಿಂತ ಆ ಕ್ಷಣದ ಮುಂದೆ ಅವೆಲ್ಲ ನನಗೆ ಕಡಿಮೆಯೇ.

ಅರ್ಧ ದಿನ ರಜೆ ಹಾಕಿ ಬಂದಿದ್ದ ಅವಳ ಅಪ್ಪ ಆವರಣದ ಗೋಡೆಯ ಪಕ್ಕ ನಿಂತಿದ್ದರು. ಆಟದ ವಿಷಯ ಅವರಿಗೆ ಏನೂ ಗೊತ್ತಿಲ್ಲ, ಕಾರ್ಕಳದವರು ಕುಣಿದದ್ದನ್ನು ಮಾತ್ರ ನೋಡಿದ್ದರು. ಆಯ್ಕೆಯಾದವರ ಹೆಸರು ಓದಿ ಮುಗಿದ ಮೇಲೆ ನಾನು ಅವರ ಹತ್ತಿರ ಹೋದೆ.

"ಸೋತ್ರಲ್ರೀ ಟೀಚರ್?" ಎಂದರು ಸಣ್ಣ ದನಿಯಲ್ಲಿ.

"ಸೋತೆವು," ಎಂದೆ. "ನೀವು ಗೋವಾಕ್ಕೆ ಹೋಗಿ ಬನ್ನಿ. ಮಗಳು ಇಲ್ಲೇ ಇರ್ತಾಳೆ."