ಶಶಿಕಲಾ ಹುಡುಕಿದ ನಂಬರು

ಮೂಕಂಡಪಲ್ಲಿಯ ಶಶಿಕಲಾಗೆ ಒಂದು ಚಾಳಿ. ಯಾರೇ ಏನೇ ಹೇಳಲಿ, 'ಎಲ್ಲಿ, ತೋರಿಸಿ' ಅನ್ನುತ್ತಾಳೆ. ಬಿಡಿಭಾಗಗಳ ಕಾರ್ಖಾನೆಯಲ್ಲಿ ಎಂಟು ವರ್ಷ ಮಾಲು ತಪಾಸಣೆ ಮಾಡಿ ಅಂಟಿಸಿಕೊಂಡ ಚಾಳಿ ಅದು. ಮಗಳು ಹುಟ್ಟಿದ ಮೇಲೆ ಶಿಫ್ಟು ಒಗ್ಗಲಿಲ್ಲ. ಮನೆಯಲ್ಲೇ ಕೂತು ಟೆಸ್ಟಿಂಗ್ ಕಲಿತಳು. ಈಗ ಹೊಸೂರಿನ ಒಂದು ಸಣ್ಣ ಕಂಪನಿಗೆ ವೆಬ್‌ಸೈಟುಗಳ ತಪ್ಪು ಹುಡುಕಿಕೊಡುತ್ತಾಳೆ. ತಪ್ಪು ಹುಡುಕಿದರೆ ಸಂಬಳ ಕೊಡುತ್ತಾರೆಂದು ಅತ್ತೆ ನಾರಾಯಣಮ್ಮನಿಗೆ ಇನ್ನೂ ನಂಬಿಕೆಯಿಲ್ಲ. ತಾನು ಮೂವತ್ತು ವರ್ಷದಿಂದ ಅದನ್ನೇ ಬಿಟ್ಟಿ ಮಾಡಿದ್ದೇನೆ ಎನ್ನುತ್ತಾರೆ.

ಒಂದು ಭಾನುವಾರ ಬೇರಿಕೆಯಿಂದ ಚಿಕ್ಕಪ್ಪ ಕೊಂಡಪ್ಪ ಮಗಳು ಸುಧಾಳನ್ನು ಕರೆದುಕೊಂಡು ಬಂದರು. ಹುರಳಿಕಾಯಿ ಚೀಲ ಕೆಳಗಿಟ್ಟವರೇ ಶುರು ಮಾಡಿದರು.

"ನಾಳೆಯಿಂದ ಇವ್ಳು ಫ್ಯಾಕ್ಟ್ರಿಗೆ ಹೋಗಲ್ಲ ಕಣಮ್ಮ. ಸೇರ್ಸಿದ್ದು ನೀನು, ಅದ್ಕೆ ಒಂದ್ ಮಾತು ಹೇಳೋಗಾನ ಅಂತ ಬಂದೆ."

ತಿಂಗಳಿಂದ ಯಾವನೋ ಒಬ್ಬ ಸುಧಾಗೆ ಫೋನ್ ಮಾಡಿ ಕಾಡುತ್ತಿದ್ದ.

"ಇವ್ಳೇ ಯಾರ್ಗೋ ನಂಬರ್ ಕೊಟ್ಟವ್ಳೆ. ಇಲ್ದಿದ್ರೆ ಅವನ್ಗೆ ಹೆಂಗ್ ಸಿಕ್ತು?"

"ನಾನ್ ಯಾರ್ಗೂ ಕೊಟ್ಟಿಲ್ಲ ಅಕ್ಕ," ಎಂದಳು ಸುಧಾ. ಅತ್ತೂ ಅತ್ತೂ ಕಣ್ಣು ಊದಿಕೊಂಡಿತ್ತು. "ಬಸ್ಸಲ್ಲಿ ನಂದು ಯಾವ ಸೀಟು ಅಂತಾನೂ ಹೇಳ್ತಾನೆ."

ಶಶಿಕಲಾಗೆ ಸಂಕಟವಾಯಿತು, ಚಿಕ್ಕಪ್ಪನ ಮೇಲೆ ಸಿಟ್ಟೂ ಬಂತು. ಆದರೆ ಸೀಟಿನ ಮಾತು ಕೇಳಿ ಕಿವಿ ನೆಟ್ಟಗಾಯಿತು. ಕಾರ್ಖಾನೆಗೆ ಬಸ್ಸು ಬಿಡುವ ಕಂಟ್ರಾಕ್ಟರು ಯಾರಿಗೆ ಯಾವ ಸೀಟೆಂದು ತೋರಿಸಲು ಒಂದು ವೆಬ್‌ಸೈಟು ಇಟ್ಟಿದ್ದ. ಸುಧಾಳ ಲಾಗಿನ್ನಿನಿಂದಲೇ ಅದನ್ನು ಲ್ಯಾಪ್‌ಟಾಪಿನಲ್ಲಿ ತೆರೆದಳು. ಪ್ರತಿ ಸೀಟಿನ ಮೇಲೂ ಒಂದು ಹೆಸರಿತ್ತು.

"ನಂಬರ್ ಎಲ್ಲೈತೆ? ಬರೀ ಹೆಸ್ರೈತೆ," ಎಂದರು ಕೊಂಡಪ್ಪ.

"ತಡಿ ಚಿಕ್ಕಪ್ಪ. ಕಾಣ್ಸೋದು ಬೇರೆ, ಬಂದಿರೋದು ಬೇರೆ."

ಪುಟ ತೆರೆಯುವಾಗ ಕಂಪ್ಯೂಟರು ಕೇಳಿದ್ದನ್ನೂ ಆ ಕಡೆಯಿಂದ ಬಂದ ಉತ್ತರವನ್ನೂ ಹಿಡಿದಿಡುವ ಸಾಧನವೊಂದು ಅವಳ ನಿತ್ಯದ ಕೆಲಸದ್ದು. ಅದನ್ನು ಚಾಲೂ ಮಾಡಿ ಪುಟವನ್ನು ಮತ್ತೆ ತೆರೆದಳು. ಸುಧಾಳ ನಂಬರು ಹೊಡೆದು ಹುಡುಕಿದಳು. ಏನೂ ಸಿಗಲಿಲ್ಲ.

"ನೋಡ್ದಾ?" ಎಂದರು ಕೊಂಡಪ್ಪ. ಸುಧಾ ತಲೆ ತಗ್ಗಿಸಿದಳು.

ಶಶಿಕಲಾ ನಾಲಿಗೆ ಕಚ್ಚಿಕೊಂಡಳು. ಸಿಟ್ಟಿನ ಭರದಲ್ಲಿ ಆ ಸಾಧನದ ಮೇಲಿನ ಪೆಟ್ಟಿಗೆಯಲ್ಲಿ ಹೊಡೆದಿದ್ದಳು. ಅದು ವೆಬ್ ವಿಳಾಸಗಳನ್ನಷ್ಟೇ ನೋಡುತ್ತದೆ, ಲಕೋಟೆ ಒಡೆಯದೆ ಕಾಗದ ಹುಡುಕಿದ ಹಾಗೆ. ಉತ್ತರಗಳ ಒಳಗನ್ನು ಓದುವ ಹುಡುಕಾಟವೇ ಬೇರೆ ಇದೆ. ಅದನ್ನು ತೆರೆದು ನಂಬರನ್ನು ಮತ್ತೆ ಹೊಡೆದಳು.

ಸಿಕ್ಕಿತು. ಸುಧಾಳ ಹೆಸರು, ಸೀಟು, ಫೋನ್ ನಂಬರು. ಅದರ ಕೆಳಗೆ ಪಕ್ಕದ ಸೀಟಿನವಳದ್ದು, ಅದರ ಕೆಳಗೆ ಇನ್ನೊಬ್ಬರದ್ದು. ಬಸ್ಸಿನ ನಲವತ್ತೆಂಟು ಜನರ ನಂಬರುಗಳೂ ಅಲ್ಲಿ ಸಾಲಾಗಿ ಕೂತಿದ್ದವು.

"ಪುಟದ ಮೇಲೆ ಮುಚ್ಚವ್ರೆ, ಅಷ್ಟೇ. ಆ ಬಸ್ಸಲ್ಲಿ ಹೋಗೋರು ಯಾರ್ ಬೇಕಾದ್ರೂ ಇದನ್ನ ತೆಗೀಬೋದು. ಇವ್ಳು ಯಾರ್ಗೂ ಕೊಡಬೇಕಾಗೇ ಇಲ್ಲ."

ಕೊಂಡಪ್ಪ ಕನ್ನಡಕ ಸರಿಮಾಡಿಕೊಂಡು ಬಗ್ಗಿದರು. "ಇವ್ಳ ನಂಬರ್ ಪಕ್ದಲ್ಲಿ ಇನ್ನೊಂದೈತಲ್ಲ, ಯಾರ್ದು?" ಎಂದವರು, ಒಂದೊಂದೇ ಅಂಕಿ ಓದಿಕೊಂಡು ಬೆಚ್ಚಿದರು. "ಅಯ್ಯೋ, ಇದು ನಂದು! ನಾನ್ ಯಾವಾಗ್ ಕೊಟ್ಟೆ ಇವ್ರಿಗೆ?"

"ಸೇರೋ ದಿನ ಅಪ್ಪ," ಎಂದಳು ಸುಧಾ ಮೆಲ್ಲಗೆ. "ನಿಂಗ್ ಗೊತ್ತಾಗಲ್ಲ ಕೊಡಿಲ್ಲಿ ಅಂತ ಬಸ್ಸಿನ ಫಾರಂ ನನ್ ಕೈಯಿಂದ ಕಿತ್ಕೊಂಡು ನೀನೇ ತುಂಬ್ದೆ. ನನ್ ನಂಬರೂ, ಮನೆಯವ್ರದ್ದು ಅಂತ ನಿನ್ ನಂಬರೂ ನೀನೇ ಬರ್ದೆ."

ಶಶಿಕಲಾ ಆ ಪುಟವನ್ನು ಹಾಗೇ ಉಳಿಸಿಕೊಂಡು, ಕಂಟ್ರಾಕ್ಟರಿಗೂ ಕಾರ್ಖಾನೆಗೂ ದೂರು ಬರೆಯುತ್ತ ಕೂತಳು.

ಕೊಂಡಪ್ಪ ಮಗಳ ಕಡೆ ತಿರುಗಿದರು.

"ತಪ್ಪು ನಂದೇ ಕಣ್ ಮಗ. ನಾಳೆ ಶಿಫ್ಟ್ ಎಷ್ಟೊತ್ಗೆ?"